ಟೋಲ್ಮನ್ ತಂಡ ಟರ್ಬೊ ಎಂಜಿನ್ನನ್ನು ನೆಚ್ಚಿದ್ದು ತಪ್ಪೇ?

1981ರಲ್ಲಿ ಫಾರ್ಮುಲಾ 1 ಕಾರು ಸ್ಪರ್ಧೆಗೆ ಬಂದ ಟೋಲ್ಮನ್‌ನಂತಹ ಸಣ್ಣ ತಂಡ, ದುಡ್ಡು ಕೊಟ್ಟರೆ ಸಿದ್ಧವಾಗಿ ಸಿಗುತ್ತಿದ್ದ, ಟರ್ಬೊ ಇಲ್ಲದ 3 ಲೀಟರ್ ಕಾಸ್‌ವರ್ತ್ ಎಂಜಿನ್ನನ್ನು ಬಿಟ್ಟು 1.5 ಲೀಟರ್ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕಾರನ್ನು ಕಟ್ಟಲು ಹೊರಟದ್ದು ಅವಿವೇಕವಲ್ಲವೇ ಎಂದು ತಾವು ಕೇಳಿದ್ದೀರಿ. ಲಾರಿ ಟರ್ಬೊಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿರುವ ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ.

ಹಿಂದಿನ ವರ್ಷವಷ್ಟೇ ರೋರಿ ಬರ್ನ್ ವಿನ್ಯಾಸಗೊಳಿಸಿದ, ಬ್ರಯಾನ್ ಹಾರ್ಟ್ ಅವರ ಎಂಜಿನ್ ಇದ್ದ ಟೋಲ್ಮನ್ ಕಾರಿನಲ್ಲಿ ಬ್ರಯಾನ್ ಹೆಂಟನ್ ಮತ್ತು ಡೆರೆಕ್ ವಾರ್ವಿಕ್ ಯುರೋಪಿಯನ್ ಫಾರ್ಮುಲಾ 2 ಚಾಂಪಿಯನ್‌ಶಿಪ್‌ನ ಮೊದಲೆರಡು ಸ್ಥಾನಗಳನ್ನು ಪಡೆದಿದ್ದರು. ಅದೇ ಬಳಗ ಮೇಲಿನ ದರ್ಜೆಯಾದ ಫಾರ್ಮುಲಾ 1ಕ್ಕೆ ಬಂದಿತು. ಆದರೆ ಅಲ್ಲಿ ಟರ್ಬೊ ಹಾದಿಯಲ್ಲಿದ್ದವರು ರೆನೊ, ಫೆರಾರಿಗಳಂತಹ ದೊಡ್ಡ ಕಾರ್ಖಾನೆಯವರು; ಟೋಲ್ಮನ್‌ಗೆ ಟರ್ಬೊ ಎಂಜಿನ್ ಕಟ್ಟಿಕೊಟ್ಟ ಹಾರ್ಟ್ ಅವರದು ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಒಂದು ಸಣ್ಣ ವರ್ಕ್‌ಶಾಪ್. 1981ರಲ್ಲಿ ಇಮೋಲಾದಿಂದ ಆರಂಭಿಸಿ ಹನ್ನೆರಡು ಸ್ಪರ್ಧೆಗಳಿಗೆ ಎರಡೆರಡು ಕಾರುಗಳನ್ನು ತಂದರೂ ಅರ್ಹತೆ ದೊರೆತದ್ದು ಎರಡೇ ಬಾರಿ: ಮೊಂಜಾದಲ್ಲಿ ಹೆಂಟನ್ ಅವರಿಗೆ, ಲಾಸ್ ವೇಗಸ್‌ನಲ್ಲಿ ವಾರ್ವಿಕ್ ಅವರಿಗೆ.

ಟರ್ಬೊ ತುಂಬುವ ಒತ್ತಡ ಹೆಚ್ಚಿದಷ್ಟೂ ಸಿಲಿಂಡರ್ ಹೆಡ್ಡನ್ನು ಬ್ಲಾಕಿನಿಂದ ಎತ್ತುವ ಬಲವೂ ಹೆಚ್ಚುತ್ತದೆ. ಎರಡರ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಆ ಬಲವನ್ನೂ ಕಾವನ್ನೂ ಒಟ್ಟಿಗೆ ತಾಳಬೇಕು. ಹಾರ್ಟ್ ಅವರು ಮುಂದೆ ಹೆಡ್ ಮತ್ತು ಬ್ಲಾಕ್ ಎರಡನ್ನೂ ಒಂದೇ ಅಲ್ಯೂಮಿನಿಯಂ ಎರಕವಾಗಿ ಮಾಡಿ ಆ ಗ್ಯಾಸ್ಕೆಟ್ಟನ್ನೇ ಇಲ್ಲವಾಗಿಸಿದರು. ಕಡಿಮೆ ಹಣದಲ್ಲಿ ಇದಕ್ಕಿಂತ ಸೊಗಸಾದ ಪರಿಹಾರವನ್ನು ನಾನು ಕಂಡಿಲ್ಲ. ಆಮೇಲೆ ಅವರು ಹೋಲ್‌ಸೆಟ್ ಟರ್ಬೊಗಳನ್ನು ಬಳಸಿದರು. ನಮ್ಮ ಟಾಟಾ ಲಾರಿಗಳಲ್ಲೂ ಕಾಣುವ ಹೆಸರು ಅದು.

ಫಲ ನಿಧಾನವಾಗಿ ಬಂದಿತು. 1983ರಲ್ಲಿ ಜಾಂಡ್‌ವೋರ್ಟ್‌ನಲ್ಲಿ ವಾರ್ವಿಕ್ ನಾಲ್ಕನೆಯವರಾಗಿ ತಂಡಕ್ಕೆ ಮೊದಲ ಅಂಕಗಳನ್ನು ತಂದರು. ಮರುವರ್ಷ ಮೊನಾಕೊದ ಮಳೆಯಲ್ಲಿ ಆಯರ್ಟನ್ ಸೆನ್ನಾ ಎರಡನೆಯವರಾದರು. ತಾವು ಹೇಳುವ ಸಿದ್ಧ ಎಂಜಿನ್ನಿನ 3 ಲೀಟರ್ ಪೀಳಿಗೆಯಾದರೋ 1983ರ ಡೆಟ್ರಾಯಿಟ್‌ನಲ್ಲಿ ತನ್ನ ಕೊನೆಯ ಗೆಲುವನ್ನು ಕಂಡಿತ್ತು. ಅದನ್ನು ಕೊಂಡಿದ್ದರೆ ಟೋಲ್ಮನ್‌ಗೆ ಎರಡು ವರ್ಷಗಳ ನೆಮ್ಮದಿ ದೊರೆಯುತ್ತಿತ್ತು, ಬಳಿಕ ಮತ್ತೆ ಮೊದಲಿನಿಂದ ಟರ್ಬೊ ಕಲಿಯಬೇಕಾಗುತ್ತಿತ್ತು.

ತಂಡವನ್ನು ನಿಜವಾಗಿ ಕಟ್ಟಿಹಾಕಿದ್ದು ಎಂಜಿನ್ ಅಲ್ಲ, ಟೈರು. 1985ರಲ್ಲಿ ಟೈರು ಪೂರೈಕೆಯ ಒಪ್ಪಂದವಿಲ್ಲದೆ ಮೊದಲ ಮೂರು ಸ್ಪರ್ಧೆಗಳು ತಪ್ಪಿದವು; ಉಡುಪು ಕಂಪನಿ ಬೆನೆಟನ್‌ನ ನೆರವಿನಿಂದ ಸ್ಪಿರಿಟ್ ಎಂಬ ಇನ್ನೊಂದು ತಂಡದ ಟೈರು ಒಪ್ಪಂದ ಕೈಸೇರಿದ ಮೇಲೆ, ಅದೇ ಹಾರ್ಟ್ ಎಂಜಿನ್ನಿನ ಕಾರಿನಲ್ಲಿ ಟೆಯೊ ಫಾಬಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಸ್ಪರ್ಧೆಯನ್ನು ಆರಂಭಿಸಿದರು.