ನಮೂನೆ-6 ಕೊಟ್ಟಿರಾ? ರಸೀದಿ ಎಲ್ಲಿ?

ಪ್ರಶ್ನೆ: ನಾವು ರೋಣ ತಾಲ್ಲೂಕಿನವರು. ಎರಡು ಎಕರೆ ಎರಿ ಹೊಲ ಇದೆ. ಕಡಲೆ ರಾಶಿ ಆದ ಮೇಲೆ ಮುಂಗಾರಿನ ತನಕ ಕೈಯಲ್ಲಿ ಕೆಲಸ ಇಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಒಂದು ತಿಂಗಳಿಂದ ಪಂಚಾಯಿತಿಗೆ ಅಡ್ಡಾಡುತ್ತಿದ್ದೇವೆ. ‘ಸದ್ಯ ಇಲ್ಲ, ಬಂದಾಗ ಹೇಳ್ತೀವಿ’ ಅಂತಾರೆ.

ಉತ್ತರ: ಬೇಸಿಗೆ ಬಂತೆಂದರೆ ಇದೇ ಪತ್ರ, ಊರಿನ ಹೆಸರು ಮಾತ್ರ ಬೇರೆ. ಅರ್ಜಿ ಕೊಟ್ಟ ತಾರೀಖನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕೊಟ್ಟಿದ್ದರೆ ತಾನೇ ಬರೆಯೋದು! ಪಂಚಾಯಿತಿ ಬಾಗಿಲಲ್ಲಿ ನಿಂತು ಕೇಳಿ ಬಂದಿದ್ದಕ್ಕೆ ನಾಳೆ ಸಾಕ್ಷಿ ಯಾರು?

ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ-6 ತುಂಬಿ. ಯಾವತ್ತಿನಿಂದ, ಎಷ್ಟು ದಿನ ಕೆಲಸ ಬೇಕು ಅಂತ ಬರೆಯಿರಿ. ಕನಿಷ್ಠ 14 ದಿನ ಸತತವಾಗಿ ಕೇಳಬೇಕು. ತಾರೀಖು ಹಾಕಿದ ರಸೀದಿ ಕೈಗೆ ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ. ‘ರಸೀದಿ ಪುಸ್ತಕ ಮುಗಿದಿದೆ’ ಅಂದರೆ ಅರ್ಜಿಯ ಜೆರಾಕ್ಸ್ ಮೇಲೆಯೇ ಸಹಿ, ಸೀಲು, ತಾರೀಖು ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಅರ್ಜಿಯನ್ನು ತಾಲ್ಲೂಕು ಪಂಚಾಯಿತಿಯಲ್ಲಿ ಕೊಡಿ. ಒಬ್ಬರೇ ಹೋಗಬೇಡಿ, ಓಣಿಯವರೆಲ್ಲ ಕೂಡಿ ಹೋಗಿ.

ಅರ್ಜಿ ಕೊಟ್ಟ ದಿನ ಅಥವಾ ಕೆಲಸ ಬೇಕು ಅಂತ ಬರೆದ ದಿನ, ಯಾವುದು ಆಮೇಲಿನದೋ ಅಲ್ಲಿಂದ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಮೊದಲ 30 ದಿನ ಸುಮ್ನೆ ಮನೆಯಲ್ಲಿ ಕೂತ ದಿನಕ್ಕೂ 92 ರೂಪಾಯಿ 50 ಪೈಸೆ. ಈ ಭತ್ಯೆಯನ್ನು ರಾಜ್ಯ ಸರ್ಕಾರವೇ ಕೊಡಬೇಕು. ರಸೀದಿ ಹರಿದುಕೊಡಲು ಕೈ ಯಾಕೆ ಹಿಂಜರಿಯುತ್ತದೆ ಅಂತ ಈಗ ಗೊತ್ತಾಯ್ತಲ್ವಾ?

ಭತ್ಯೆ ಸಲೀಸಾಗಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ದೂರು ವಿಚಾರಿಸುವ ಜಿಲ್ಲೆಯ ಓಂಬುಡ್ಸ್‌ಮನ್ ತನಕ ಹೋಗಬೇಕಾದೀತು. ಆದರೆ ತಾರೀಖು ಬಿದ್ದ ಚೀಟಿ ನಿಮ್ಮ ಕೈಯಲ್ಲಿದೆ ಅಂತ ಗೊತ್ತಾದರೆ, ಇಲ್ಲದ ಕೆಲಸವೂ ಒಮ್ಮೊಮ್ಮೆ ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ: ಜಾಬ್ ಕಾರ್ಡ್ ಮಾಡಿಸಿಕೊಡಲು ಏಜೆಂಟರೊಬ್ಬರು ದುಡ್ಡು ಕೇಳುತ್ತಿದ್ದಾರೆ. (ಸವಣೂರು)

ಉತ್ತರ: ಕಾರ್ಡ್ ಪುಕ್ಕಟೆ. ಅವನಿಗೆ ಚಹಾ ಕೂಡ ಕುಡಿಸಬೇಡಿ.

ಪ್ರಶ್ನೆ: ಕಾರ್ಡ್ ಕೊಟ್ಟರೆ ಸಾಕು, ಜೆಸಿಬಿ ಹಚ್ಚಿ ಕೃಷಿ ಹೊಂಡ ತೆಗೆಸಿ, ಬಂದ ಕೂಲಿಯಲ್ಲಿ ಪಾಲು ಕೊಡ್ತೀವಿ ಅಂತಾರೆ. ಕೊಡಬಹುದಾ? (ಶಿಗ್ಗಾವಿ)

ಉತ್ತರ: ಬೇಡವೇ ಬೇಡ. ಈ ಯೋಜನೆಯಲ್ಲಿ ಗುತ್ತಿಗೆದಾರನಿಗೆ ಜಾಗ ಇಲ್ಲ. ಕೂಲಿಯವರ ಕೆಲಸ ಕಸಿಯುವ ಯಂತ್ರಕ್ಕೂ ಇಲ್ಲ. ಹೊಂಡ ಅವರದ್ದು, ಸುಳ್ಳು ಹಾಜರಿ ನಿಮ್ಮ ಹೆಸರಲ್ಲಿ. ನಿಮ್ಮ ಮನೆಗೆ ವರ್ಷಕ್ಕೆ ಸಿಗುವ ಕೆಲಸದ ದಿನಗಳಲ್ಲಿ ಅಷ್ಟು ದಿನ ಖೋತಾ. ನಾಳೆ ತನಿಖೆ ಬಂದರೆ ಖಾತೆ ಯಾರದ್ದು ಅಂತ ನೋಡುತ್ತಾರೆಯೇ ಹೊರತು ಜೆಸಿಬಿ ಯಾರದ್ದು ಅಂತಲ್ಲ.

ಪ್ರಶ್ನೆ: ತುಂಗಭದ್ರೆಯಲ್ಲಿ ಮೀನು ಹಿಡಿಯುವವರು ನಾವು, ಹೊಲ ಇಲ್ಲ. ನಮಗೂ ಕೆಲಸ ಸಿಗುತ್ತದಾ? ಬಲೆಗೆ ದುಡ್ಡು? (ಮುಂಡರಗಿ)

ಉತ್ತರ: ಸಿಗುತ್ತದೆ. ಹಳ್ಳಿಯಲ್ಲಿ ವಾಸ, 18 ತುಂಬಿದ ವಯಸ್ಸು, ಮೈಮುರಿದು ದುಡಿಯುವ ಮನಸ್ಸು ಇದ್ದರೆ ಸಾಕು. ಹೊಲ ಇರಬೇಕು, ಬಿಪಿಎಲ್ ಕಾರ್ಡ್ ಇರಬೇಕು ಅನ್ನೋದೆಲ್ಲ ಕಟ್ಟುಕತೆ. ಬಲೆ, ದೋಣಿ ಇದರಲ್ಲಿ ಬರುವುದಿಲ್ಲ. ಅದಕ್ಕೆ ಮೀನುಗಾರಿಕೆ ಇಲಾಖೆಗೆ ಹೋಗಿ.