ಈ ತಿಂಗಳು ನಿಮಗೆ ತುಂಬ ಹಿಡಿಸಿದ ಉಡುಪು, ಕಲೆ, ಸಣ್ಣಪುಟ್ಟ ಖುಷಿಗಳು ಯಾವುವು? ಹೊಸದಾಗಿ ಏನು ಕೊಂಡಿರಿ?

ತಿಂಗಳನ್ನು ಹಿಂತಿರುಗಿ ನೋಡಿದರೆ ನನ್ನ ಪಾಲಿಗೆ ಎಲ್ಲವೂ ನೀಲಿ. ಹಾಗೆಂದು ಮೊದಲೇ ಅಂದುಕೊಂಡು ಹೊರಟದ್ದಲ್ಲ. ಒಂದು ಅಂಗಿಯ ಕಾಲರಿನಿಂದ ಶುರುವಾಗಿದ್ದು ಒಂದು ಚಿತ್ರಕ್ಕೆ ಹೋಯಿತು, ಕೊನೆಗೆ ಒಂದು ಬಾಟಲಿ ಮಸಿಗೆ ಬಂದು ನಿಂತಿತು. ಹೊಸದಾಗಿ ಕೊಂಡದ್ದು ಆ ಮಸಿ ಮಾತ್ರ.

ಅಂಗಿಯಿಂದಲೇ ಹೇಳುತ್ತೇನೆ. ಏಳು ವರ್ಷದಿಂದ ಹಾಕುತ್ತಿರುವ, ಇಂಡಿಗೊ ಬಣ್ಣದ ಹತ್ತಿ ಅಂಗಿ. ಕುತ್ತಿಗೆಗೆ ಉಜ್ಜುವ ಮಡಿಕೆಯ ಉದ್ದಕ್ಕೂ ಕಾಲರ್ ಸವೆದು ನೂಲು ಎದ್ದಿತ್ತು. ಉಳಿದ ಬಟ್ಟೆಯೆಲ್ಲ ಗಟ್ಟಿ, ಮೆತ್ತಗೆ, ಮೈಗೆ ಹೊಂದಿಕೊಂಡಿತ್ತು. ಬಿಸಾಡಲು ಮನಸ್ಸು ಒಪ್ಪಲಿಲ್ಲ. ಕಾಲರ್ ತಿರುಗಿಸಿ ಹಾಕುವುದು ಅಂತ ಒಂದು ಹಳೆಯ ರಿಪೇರಿ ಇದೆ. ಅದನ್ನು ಮೊದಲ ಸಲ ನನ್ನ ಕೈಯಾರೆ ಮಾಡಿದೆ.

ಕಾಲರ್ ಕೆಳಗಿರುವ ಪಟ್ಟಿ ಎರಡು ಪದರದ್ದು. ಕಾಲರಿನ ಬುಡ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಆ ಒಂದು ಸಾಲು ಹೊಲಿಗೆಯನ್ನು ಚೂಪು ಮೊನೆಯ ಕತ್ತರಿಯಿಂದ ನಾಲ್ಕು ಟಾಕಿಗೊಂದರಂತೆ ಕತ್ತರಿಸುತ್ತ ಬಂದರೆ ಕಾಲರ್ ಕೈಗೆ ಬಂದುಬಿಡುತ್ತದೆ. ಬಿಚ್ಚುವ ಮೊದಲೇ ಕಾಲರಿಗೂ ಪಟ್ಟಿಗೂ ನಟ್ಟನಡುವೆ ಒಂದೊಂದು ಗುರುತು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಕಡೆಯ ಮೂಲೆ ಉದ್ದವಾಗುತ್ತದೆ. ಆಮೇಲೆ ಕೆಳಗಿನ ಮೈ ಮೇಲಾಗುವಂತೆ ತಿರುಗಿಸಿ, ಪಟ್ಟಿಯೊಳಗೆ ತೂರಿಸಿ, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ, ಆಮೇಲೆ ಹಳೆಯ ಸೂಜಿತೂತುಗಳ ಸಾಲಿನ ಮೇಲೇ ಪಕ್ಕಾ ಹೊಲಿಗೆ. ನನಗೆ ಎರಡು ಸಂಜೆ ಹಿಡಿಯಿತು. ಮೂಲೆಗಳಿಗೆ ಕಾಜಾ ಇರುವ ಕಾಲರಿಗೆ ಮಾತ್ರ ಇದು ಸರಿಹೋಗುವುದಿಲ್ಲ. ತೂತುಗಳ ಅಚ್ಚುಕಟ್ಟಾದ ಮೈ ಕೆಳಗೆ ಹೋಗಿಬಿಡುತ್ತದೆ.

ಸೂಜಿ ಹಿಡಿದು ಹತ್ತಿರದಿಂದ ನೋಡುವಾಗ ಎರಡು ವಿಷಯ ಕಂಡವು. ಸವೆದಲ್ಲಿ ಹರಿದ ನೂಲಿನ ಒಳಗೆಲ್ಲ ಬಿಳಿ. ನೀಲಿ ಇದ್ದದ್ದು ಹೊರಮೈಯಲ್ಲಿ ಮಾತ್ರ. ಇನ್ನೊಂದು, ಬಿಸಿಲು ಕಾಣದೆ ಇಷ್ಟು ವರ್ಷ ಅಡಿಯಲ್ಲಿದ್ದ ಮೈ ಅಂಗಿ ಹೊಸದಾಗಿದ್ದಾಗಿನ ಕಡುನೀಲಿಯನ್ನು ಹಾಗೇ ಉಳಿಸಿಕೊಂಡಿತ್ತು. ಈಗ ಅಂಗಿ ಮಾಸಲು ನೀಲಿ, ಕಾಲರ್ ಕಡುನೀಲಿ. ನನಗೆ ಇದು ಹೊಸ ಅಂಗಿಗಿಂತ ಚೆಂದ ಕಾಣುತ್ತದೆ.

ನೂಲಿನ ಒಳಗೆ ಬಿಳಿ ಯಾಕೆ ಎಂದರೆ, ಇಂಡಿಗೊ ನೀರಿನಲ್ಲಿ ಕರಗುವ ಬಣ್ಣವೇ ಅಲ್ಲ. ಅದರಲ್ಲಿರುವ ಆಮ್ಲಜನಕದ ಹಿಡಿತವನ್ನು ಸಡಿಲಿಸಿ ಕರಗುವ ರೂಪಕ್ಕೆ ತಂದಾಗ ತೊಟ್ಟಿಯ ನೀರು ನೀಲಿಯಾಗಿರುವುದಿಲ್ಲ, ಹಳದಿ ಬೆರೆತ ಹಸಿರಾಗಿರುತ್ತದೆ. ಅದ್ದಿ ತೆಗೆದ ನೂಲು ಗಾಳಿಗೆ ಬಂದ ಮೇಲೆ, ಕಣ್ಣೆದುರಿಗೇ, ಹಸಿರು ಹೋಗಿ ನೀಲಿ ಏರುತ್ತದೆ. ಮತ್ತೆ ಅದ್ದಬೇಕು, ಮತ್ತೆ ಗಾಳಿಗೆ ಹಿಡಿಯಬೇಕು. ಪದರದ ಮೇಲೆ ಪದರ ಕೂರುವುದರಿಂದ ಬಣ್ಣ ಹೊರಗೇ ನಿಲ್ಲುತ್ತದೆ, ಮೈ ತಾಗಿದಲ್ಲೆಲ್ಲ ಸವೆಯುತ್ತದೆ. ಜರ್ಮನಿಯ ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ಇಂಡಿಗೊವನ್ನು 1897ರಲ್ಲಿ ಮಾರುಕಟ್ಟೆಗೆ ತಂದಿತು. ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅದರ ಈ ಗುಣ ಬದಲಾಗಿಲ್ಲ.

ಆದ್ದರಿಂದಲೇ ಕಾರ್ಖಾನೆಯಲ್ಲೇ ಮಾಸಿಸಿ ಮಾರುವ ಜೀನ್ಸ್ ನನಗೆ ಹಿಡಿಸುವುದಿಲ್ಲ. ನಾನು ಕೂತು ಎದ್ದು ಓಡಾಡಿ ಮೂಡಿಸಬೇಕಾದ ಗುರುತನ್ನು ಯಾರೋ ಮೊದಲೇ ಹಾಕಿಟ್ಟಂತೆ. ಅದಕ್ಕಿಂತ ದೊಡ್ಡ ಮಾತೂ ಇದೆ: ಹಾಗೆ ಮಾಸಿಸಲು ಬಟ್ಟೆಯ ಮೇಲೆ ಮರಳು ಎರಚುತ್ತಿದ್ದ ಕೆಲಸಗಾರರು ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಸತ್ತಿದ್ದಾರೆ. ಟರ್ಕಿ 2009ರಲ್ಲಿ ಆ ಪದ್ಧತಿಯನ್ನು ನಿಷೇಧಿಸಿತು. ಇದನ್ನು ತಿಳಿದ ಮೇಲೆ ಮಾಸಿದ ಹೊಸ ಪ್ಯಾಂಟ್ ಮುಟ್ಟಲು ನನ್ನಿಂದಾಗುತ್ತಿಲ್ಲ.

ಇನ್ನು ಕಲೆ. ಡಚ್ ಚಿತ್ರಕಾರ ವೆರ್ಮೀರ್ ಸುಮಾರು 1665ರಲ್ಲಿ ಬರೆದ, ಮುತ್ತಿನ ಓಲೆ ತೊಟ್ಟು ಹೊರಳಿ ನೋಡುವ ಹುಡುಗಿಯ ಚಿತ್ರ ನಿಮಗೂ ಗೊತ್ತಿರುತ್ತದೆ. ಅದು ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ನಾನು ನೋಡಿದ್ದು ಪರದೆಯ ಮೇಲೆ, ಆದರೆ ಒಂದು ರಾತ್ರಿ ತುಂಬ ಹೊತ್ತು, ಹಿಗ್ಗಿಸಿ ಹಿಗ್ಗಿಸಿ. ಕಾಲರಿನ ಕೆಲಸ ಮುಗಿಸಿದ ದಿನವೇ ಆದ್ದರಿಂದಲೋ ಏನೋ, ಕಣ್ಣು ಮೊದಲು ಹೋದದ್ದು ಅವಳ ಕುತ್ತಿಗೆಯ ಬಿಳಿ ಕಾಲರಿಗೆ. ಆ ಕಾಲರ್ ಮುತ್ತಿನ ಕೆಳಭಾಗದಲ್ಲಿ ಪ್ರತಿಫಲಿಸಿದೆ! ಮುತ್ತು ಎಂದರೆ ಅಲ್ಲಿ ಬೇರೇನೂ ಇಲ್ಲ: ಮೇಲೆ ದಪ್ಪಗೆ ಇಟ್ಟ ಒಂದು ಬಿಳಿ ಚುಕ್ಕೆ, ಕೆಳಗೆ ಕಾಲರಿನ ಮಸುಕು ನೆರಳು. ಕಿವಿಗೆ ಸಿಕ್ಕಿಸುವ ಕೊಂಡಿಯನ್ನೂ ಬರೆದಿಲ್ಲ. ಉಳಿದದ್ದನ್ನೆಲ್ಲ ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ.

ಹಿನ್ನೆಲೆ ಈಗ ಬರೀ ಕತ್ತಲೆಯಂತೆ ಕಾಣುತ್ತದಲ್ಲ, ಅದು ಹಾಗಿರಲಿಲ್ಲ. 2018ರಲ್ಲಿ ಮ್ಯೂಸಿಯಮ್ಮಿನವರು ಚಿತ್ರವನ್ನು ಉಪಕರಣಗಳಿಂದ ಪರೀಕ್ಷಿಸಿದಾಗ ಅಲ್ಲಿ ಒಂದು ಹಸಿರು ಪರದೆ ಇದ್ದುದಕ್ಕೆ ಮಡಿಕೆಗಳ ಗುರುತು ಸಿಕ್ಕಿತು, ಅವಳ ಕಣ್ಣಿಗೆ ರೆಪ್ಪೆಗೂದಲು ಇದ್ದದ್ದೂ ತಿಳಿಯಿತು. ಆ ಹಸಿರಿಗೆ ಬಳಸಿದ್ದು ವೆಲ್ಡ್ ಎಂಬ ಗಿಡದ ಹಳದಿ ಮತ್ತು ನನ್ನ ಅಂಗಿಯ ಅದೇ ಇಂಡಿಗೊ! ಬೆಳಕಿಗೆ ಮಾಸಿಹೋಗಿದೆ. ಅವಳ ತಲೆವಸ್ತ್ರದ ನೀಲಿಗೆ ಬಳಸಿದ್ದು ಇಂದಿನ ಅಫ್ಘಾನಿಸ್ತಾನದ ಕಡೆಯಿಂದ ಬಂದ ಲಾಜವರ್ದ ಕಲ್ಲಿನ ಪುಡಿ. ಅದು ಮುನ್ನೂರೈವತ್ತು ವರ್ಷದ ನಂತರವೂ ಹೊಳೆಯುತ್ತಿದೆ. ಅಂಗಿಯ ಮೇಲೆ ನಾನು ಇಷ್ಟಪಡುವ ಮಾಸುವಿಕೆಯೇ ಅಲ್ಲಿ ಒಂದಿಡೀ ಪರದೆಯನ್ನು ಕಣ್ಮರೆ ಮಾಡಿದೆ ಎನ್ನುವುದು ನನ್ನನ್ನು ಇನ್ನೂ ಕಾಡುತ್ತಿದೆ. ಆ ಹಸಿರಿನೆದುರು ಅವಳ ಮುಖ ಹೇಗಿತ್ತೋ ಎಂದು ಊಹಿಸುತ್ತ ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದೆ.

ಸಣ್ಣ ಖುಷಿಗಳಲ್ಲಿ ಒಂದನ್ನು ಬೇಗ ಹೇಳಿಬಿಡುತ್ತೇನೆ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ದೀಪ ಹಾಕದೆ ಕಿಟಕಿಯ ಹತ್ತಿರ ಕೂರುವುದು. ಹಗಲಿನ ನೀಲಿ ಗಾಳಿಯ ಕಣಗಳು ಬೆಳಕನ್ನು ಚದುರಿಸುವುದರಿಂದ ಆದದ್ದು. ಮುಸ್ಸಂಜೆ ನೆತ್ತಿಯ ಮೇಲೆ ಕಾಣುವ ಆಳವಾದ ನೀಲಿಗೆ ಮುಖ್ಯ ಕಾರಣ ಓಜೋನ್ ಪದರ ಕಿತ್ತಳೆ-ಕೆಂಪು ಬೆಳಕನ್ನು ಹೀರಿಕೊಳ್ಳುವುದು. ಅಷ್ಟು ಹೊತ್ತು ಫೋನನ್ನು ಬೇರೆ ಕೋಣೆಯಲ್ಲಿಡುತ್ತೇನೆ. ಇದನ್ನು ತಿಂಗಳಲ್ಲಿ ತಪ್ಪಿಸಿದ್ದು ಮೂರೇ ದಿನ.

ಕೊನೆಯದು ಆ ಮಸಿ. ಕಬ್ಬಿಣದ ಮಸಿ ಎನ್ನಬಹುದು. ಹಿಂದಿನ ಕಾಲದಲ್ಲಿ ಮಾಚಿಕಾಯಿಯ ಒಗರನ್ನೂ ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನೂ ಸೇರಿಸಿ ಮಾಡುತ್ತಿದ್ದರು. ಯೂರೋಪಿನ ಎಷ್ಟೋ ಶತಮಾನಗಳ ಹಸ್ತಪ್ರತಿಗಳು ಇದರಲ್ಲೇ ಇವೆ. ಮಾಚಿಕಾಯಿ ಎಂದರೆ ಕಾಯಲ್ಲ, ಓಕ್ ಮರದ ಮೇಲೆ ಒಂದು ಜಾತಿಯ ಸಣ್ಣ ಕಣಜ ಮೊಟ್ಟೆಯಿಟ್ಟಾಗ ಏಳುವ ಗಂಟು. ಈ ಮಸಿ ಹೊಸತರಲ್ಲಿ ತೀರ ತೆಳು, ಆದ್ದರಿಂದ ಬರೆಯುವಾಗ ಕಾಣಲೆಂದು ಫೌಂಟನ್ ಪೆನ್ನಿನದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ಕಾಗದಕ್ಕೆ ಇಳಿದು ಗಾಳಿ ತಾಗಿದ ಮೇಲೆ ಒಳಗಿನ ಕಬ್ಬಿಣ ಬದಲಾಗಿ ಅಕ್ಷರ ಕಪ್ಪಾಗುತ್ತ ಹೋಗುತ್ತದೆ. ಇಂಡಿಗೊ ನೂಲಿನ ಹಾಗೆಯೇ, ಇದರ ಬಣ್ಣವನ್ನೂ ಪೂರ್ತಿ ಮಾಡುವುದು ಗಾಳಿ. ನೀವೂ ಪ್ರಯತ್ನಿಸುವುದಾದರೆ, ಫೌಂಟನ್ ಪೆನ್ನಿಗೆಂದೇ ತಯಾರಿಸಿದ್ದನ್ನು ಕೊಳ್ಳಿ. ಇದರಲ್ಲಿ ಆಮ್ಲ ಇರುತ್ತದೆ, ಪೆನ್ನಿನಲ್ಲೇ ಒಣಗಲು ಬಿಡಬೇಡಿ.

ಮೊನ್ನೆ ಅದರಲ್ಲಿ ದೂರದ ಗೆಳತಿಗೆ ಪತ್ರ ಬರೆದೆ. ಬೆಳಿಗ್ಗೆ ಅರ್ಧ ಪುಟ ಬರೆದು ಎದ್ದಿದ್ದೆ, ಸಂಜೆ ಮುಗಿಸಿದೆ. ಒಂದೇ ಹಾಳೆಯಲ್ಲಿ ಮೇಲಿನ ಸಾಲುಗಳು ಕಪ್ಪಿಗೆ ತಿರುಗಿದ್ದವು, ಕೊನೆಯ ಸಾಲುಗಳು ಇನ್ನೂ ತಿಳಿನೀಲಿ. ಅವಳ ಕೈ ಸೇರುವ ಹೊತ್ತಿಗೆ ಎಲ್ಲವೂ ಒಂದೇ ಬಣ್ಣವಾಗಿರುತ್ತದೆ. ಹಾಗಾಗಿ ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಇದನ್ನು ಬರೆಯುವಾಗ ಈ ಸಾಲು ನೀಲಿಯಾಗಿತ್ತು."