ಟಿಟಿಎಲ್ ಮುಗಿದರೂ ಮೆಮೊರಿ ಯಾಕೆ ಖಾಲಿ ಆಗಲ್ಲ?

ಪ್ರಶ್ನೆ: ನಮ್ಮದು ಸಣ್ಣ ಕನ್ನಡ ಸುದ್ದಿ ತಾಣ. ನೋಡ್.ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಎಕ್ಸ್‌ಪ್ರೆಸ್ ಬಳಸಿ ರಿಯಾಕ್ಟ್ ಪುಟಗಳನ್ನು ಸರ್ವರ್‌ನಲ್ಲೇ ರೆಂಡರ್ ಮಾಡುತ್ತೇವೆ. ತಯಾರಾದ ಎಚ್‌ಟಿಎಂಎಲ್ ಅನ್ನು ಮತ್ತೆ ಬಳಸಲು ಕ್ಯಾಶ್ ಆಗಿ ಒಂದು ಮ್ಯಾಪ್‌ನಲ್ಲಿ (ಕೀ ಕೊಟ್ಟರೆ ಅದರ ಮಾಹಿತಿ ಕೊಡುವ ಪಟ್ಟಿ) ಇಡುತ್ತೇವೆ. ಯುಆರ್‌ಎಲ್ಲೇ ಕೀ, ಟಿಟಿಎಲ್ (ಇಟ್ಟ ಪುಟದ ಆಯಸ್ಸು) 60 ಸೆಕೆಂಡ್. ಆದರೂ ಮೆಮೊರಿ ಏರುತ್ತಲೇ ಹೋಗಿ ‘ಹೀಪ್ ಔಟ್ ಆಫ್ ಮೆಮೊರಿ’ ಅಂತ ಪ್ರೋಸೆಸ್ ಬಿದ್ದುಹೋಗುತ್ತದೆ. ಟಿಟಿಎಲ್ 10 ಸೆಕೆಂಡಿಗೆ ಇಳಿಸಿದರೂ ಅದೇ ಕಥೆ. ದೊಡ್ಡ ಸರ್ವರ್ ತಗೋಬೇಕಾ ಸರ್?

ಉತ್ತರ: ಬೇಡ. ದೊಡ್ಡದು ತಗೊಂಡರೆ ಬೀಳೋದು ಸ್ವಲ್ಪ ತಡವಾಗುತ್ತದೆ, ಅಷ್ಟೆ.

ನಿಮ್ಮ ಕೋಡ್‌ನಲ್ಲಿ ಟಿಟಿಎಲ್ ನೋಡುವುದು ಯಾವಾಗ? ಅದೇ ಕೀಯನ್ನು ಯಾರಾದರೂ ಮತ್ತೆ ಕೇಳಿದಾಗ ಮಾತ್ರ, ಅಲ್ವಾ? ಅವಧಿ ಮುಗಿದಿದ್ದರೆ ಹೊಸ ಪುಟ ಮಾಡಿ ಅದೇ ಜಾಗದಲ್ಲಿ ಇಡುತ್ತೀರಿ. ಯಾರೂ ಮತ್ತೆ ಕೇಳದ ಕೀಯನ್ನು ಮುಟ್ಟುವವರೇ ಇಲ್ಲ. ಮ್ಯಾಪ್ ಅದನ್ನು ಹಿಡಿದುಕೊಂಡಿರುವ ತನಕ ಬೇಡದ ಮೆಮೊರಿಯನ್ನು ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಕೂಡ ತೆಗೆಯುವುದಿಲ್ಲ. ಹಾಗಾಗಿ 60 ಅನ್ನು 10 ಮಾಡಿದರೂ ಒಂದು ಬೈಟ್ ಕೂಡ ಉಳಿತಾಯ ಆಗಲ್ಲ.

ಯಾರೂ ಮತ್ತೆ ಕೇಳದ ಕೀಗಳು ಎಲ್ಲಿಂದ ಬರುತ್ತವೆ? ಮ್ಯಾಪ್‌ನ ಕೊನೆಯ ಇಪ್ಪತ್ತು ಕೀಗಳನ್ನು ಲಾಗ್ ಮಾಡಿ ನೋಡಿ. ಫೇಸ್‌ಬುಕ್‌ನಿಂದ ಓದುಗರು ಬಂದರೆ ಲಿಂಕಿನ ಬಾಲಕ್ಕೆ ‘ಎಫ್‌ಬಿಕ್ಲಿಡ್’ ಅಂತ ಒಂದು ಉದ್ದದ ಕೋಡ್ ಅಂಟಿಕೊಂಡಿರುತ್ತದೆ. ಅದು ಕ್ಲಿಕ್ಕಿನಿಂದ ಕ್ಲಿಕ್ಕಿಗೆ ಬೇರೆ. ಒಂದೇ ಸುದ್ದಿಗೆ ಸಾವಿರ ಕ್ಲಿಕ್ ಬಂದರೆ ಸಾವಿರ ಕೀ, ಒಂದೇ ಪುಟದ ಸಾವಿರ ಪ್ರತಿ. ಕ್ಯಾಶ್ ಇದ್ದೂ ಪ್ರತಿ ಸಲ ಹೊಸದಾಗಿ ರೆಂಡರ್ ಆಗುವ ದಂಡ ಬೇರೆ.

ಮೊದಲು ಇದನ್ನು ಸರಿಮಾಡಿ. ಬೇಡದ ಪ್ಯಾರಾಮೀಟರ್‌ಗಳನ್ನು ಹುಡುಕಿ ತೆಗೆಯಲು ಹೋಗಬೇಡಿ, ನಾಳೆ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಪುಟ ಸಂಖ್ಯೆಯಂಥ ಬೇಕಾದದ್ದನ್ನಷ್ಟೇ ಕೀಗೆ ಸೇರಿಸಿ, ಉಳಿದದ್ದನ್ನು ಬಿಟ್ಟುಬಿಡಿ.

ಆಮೇಲೆ ಮಿತಿ. ಮ್ಯಾಪ್ ಬದಲು ‘ಎಲ್‌ಆರ್‌ಯು-ಕ್ಯಾಶ್’ ಪ್ಯಾಕೇಜ್ ಬಳಸಿ. ಮಿತಿ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಅದು ಮೊದಲು ತೆಗೆಯುತ್ತದೆ. ಆದರೆ ಅದಕ್ಕೂ ಟಿಟಿಎಲ್ ಒಂದನ್ನೇ ಕೊಟ್ಟು ಸುಮ್ನಿದ್ದರೆ ನಿಮ್ಮ ಮ್ಯಾಪ್ ಥರಾನೇ ಬೆಳೆಯುತ್ತದೆ. ಅವಧಿ ಮುಗಿದದ್ದನ್ನು ಅದು ತಾನಾಗಿ ಗುಡಿಸುವುದಿಲ್ಲ. ‘ಮ್ಯಾಕ್ಸ್‌ಸೈಜ್’ (ಒಟ್ಟು ಗಾತ್ರದ ಮಿತಿ) ಕೊಡಿ, ಪುಟದ ಗಾತ್ರ ಲೆಕ್ಕಹಾಕುವ ಫಂಕ್ಷನ್ನನ್ನೂ ಕೊಡಿ.

ಈ ಗಾತ್ರದ ಲೆಕ್ಕದಲ್ಲಿ ಕನ್ನಡ ತಾಣಗಳಿಗೆ ಒಂದು ಮೋಸ ಇದೆ. ನೋಡ್ ಒಳಗಿನ ವಿ8 ಎಂಜಿನ್, ಬರೀ ಇಂಗ್ಲಿಷ್ ಇರುವ ಸ್ಟ್ರಿಂಗ್‌ಗೆ ಅಕ್ಷರಕ್ಕೆ 1 ಬೈಟ್ ಖರ್ಚು ಮಾಡುತ್ತದೆ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸ್ಟ್ರಿಂಗ್ 2 ಬೈಟಿಗೆ ಏರುತ್ತದೆ, ಟ್ಯಾಗ್‌ಗಳೂ ಸೇರಿ! 1 ಲಕ್ಷ ಅಕ್ಷರದ ಪುಟ ಅಂದರೆ 2 ಲಕ್ಷ ಬೈಟ್. ಅದೇ ಪುಟವನ್ನು ಯುಟಿಎಫ್-8 ಬಫರ್ (ಬರೀ ಬೈಟ್‌ಗಳ ಸಾಲು) ಮಾಡಿ ಇಟ್ಟರೆ ಕನ್ನಡದ ಅಕ್ಷರ, ಚಿಹ್ನೆ ಒಂದೊಂದಕ್ಕೂ 3 ಬೈಟ್, ಟ್ಯಾಗ್‌ಗಳಿಗೆ 1. ಪುಟದಲ್ಲಿ 20 ಸಾವಿರ ಕನ್ನಡ, 80 ಸಾವಿರ ಮಾರ್ಕಪ್ ಇದ್ದರೆ ಒಟ್ಟು 1.4 ಲಕ್ಷ ಬೈಟ್. ಜಿಜಿಪ್ ಮಾಡಿ (ಕುಗ್ಗಿಸಿ) ಇಟ್ಟರೆ ಇನ್ನೂ ಎಷ್ಟೋ ಕಡಿಮೆ. ಕಳಿಸುವಾಗ ಮತ್ತೆ ಜಿಜಿಪ್ ಮಾಡುವ ಕೆಲಸವೂ ತಪ್ಪುತ್ತದೆ. ಒಂದು ಎಚ್ಚರ: ಬಫರ್‌ನ ಡೇಟಾ ವಿ8 ಹೀಪ್‌ನ (ಜಾವಾಸ್ಕ್ರಿಪ್ಟ್ ಡೇಟಾ ಇರುವ ಮೆಮೊರಿ) ಹೊರಗೆ ಕೂರುತ್ತದೆ. ಹೀಪ್ ಗ್ರಾಫ್ ಚೆನ್ನಾಗಿದೆ ಅಂತ ನೆಮ್ಮದಿಯಾಗಿರಬೇಡಿ, ‘ಆರ್‌ಎಸ್‌ಎಸ್’ (ಪ್ರೋಸೆಸ್ ಹಿಡಿದಿರುವ ಒಟ್ಟು ಮೆಮೊರಿ) ನೋಡಿ.

ಪಿಎಂ2 ಕ್ಲಸ್ಟರ್‌ನಲ್ಲಿ 4 ವರ್ಕರ್ (ಒಂದೇ ಆ್ಯಪ್‌ನ 4 ಬೇರೆ ಬೇರೆ ಪ್ರೋಸೆಸ್) ಓಡಿಸುತ್ತಿದ್ದರೆ ಕ್ಯಾಶ್ ಕೂಡ 4. ನೀವು ಇಟ್ಟ ಮಿತಿಯನ್ನು 4ರಿಂದ ಗುಣಿಸಿ ನೋಡಿಕೊಳ್ಳಿ. ಸಂಪಾದಕರು ಸುದ್ದಿ ತಿದ್ದಿದಾಗ ಕೀ ಅಳಿಸಿದರೆ ಅಳಿಯುವುದೂ ಒಂದೇ ವರ್ಕರ್‌ನಲ್ಲಿ. ಒಂದು ರಿಫ್ರೆಶ್‌ಗೆ ಹಳೇ ತಲೆಬರಹ, ಮುಂದಿನದಕ್ಕೆ ಹೊಸದು ಕಾಣುವ ತಮಾಷೆ ಇದರಿಂದಲೇ. ಇದಕ್ಕೆ ರೆಡಿಸ್ (ಎಲ್ಲ ವರ್ಕರ್‌ಗಳೂ ಹಂಚಿಕೊಳ್ಳುವ ಪ್ರತ್ಯೇಕ ಕ್ಯಾಶ್ ಸರ್ವರ್) ಹಾಕುವವರು ಜಾಸ್ತಿ. ಹಾಕುವುದಾದರೆ ‘ಮ್ಯಾಕ್ಸ್‌ಮೆಮೊರಿ’ ಇಡಲು ಮರೆಯಬೇಡಿ. 64 ಬಿಟ್ ಯಂತ್ರದಲ್ಲಿ ಅದು ತಾನಾಗಿ ಮಿತಿ ಹಾಕಿಕೊಳ್ಳುವುದಿಲ್ಲ. ತುಂಬಿದಾಗ ಯಾವುದನ್ನು ತೆಗೆಯಬೇಕು ಎನ್ನುವ ಪಾಲಿಸಿಯನ್ನೂ ‘ಆಲ್‌ಕೀಸ್-ಎಲ್‌ಆರ್‌ಯು’ ಮಾಡಿ. ಇಲ್ಲದಿದ್ದರೆ ತುಂಬಿದ ಮೇಲೆ ಹೊಸದನ್ನು ಬರೆಯಲು ಹೋದಾಗ ಎರರ್ ಬರುತ್ತದೆ.

ನನ್ನನ್ನು ಕೇಳಿದರೆ, ಎಲ್ಲರಿಗೂ ಒಂದೇ ಪುಟ ತೋರಿಸುವ ತಾಣಕ್ಕೆ ಎಚ್‌ಟಿಎಂಎಲ್ ಅನ್ನು ನೋಡ್ ಒಳಗೆ ಇಡುವುದೇ ಬೇಡ. ನೋಡ್‌ನ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇಟ್ಟು, ಅದರ ಪ್ರಾಕ್ಸಿ ಕ್ಯಾಶ್ ಬಳಸಿ. ಪುಟಗಳು ಡಿಸ್ಕ್‌ನಲ್ಲಿರುತ್ತವೆ. ಮೆಮೊರಿಯಲ್ಲಿ ಇರುವುದು ಕೀಗಳ ಪಟ್ಟಿ ಮಾತ್ರ, 1 ಎಂಬಿಗೆ ಸುಮಾರು 8 ಸಾವಿರ ಕೀ. 10 ನಿಮಿಷ ಯಾರೂ ಕೇಳದ ಪುಟವನ್ನು, ಟಿಟಿಎಲ್ ಬಾಕಿ ಇದ್ದರೂ, ಅದು ತಾನೇ ತೆಗೆದುಹಾಕುತ್ತದೆ. ಬೇಕಾದರೆ ಆ 10 ನಿಮಿಷವನ್ನು ಬದಲಿಸಬಹುದು. ಎಫ್‌ಬಿಕ್ಲಿಡ್ ಕಾಟ ಮಾತ್ರ ಇಲ್ಲೂ ಇದೆ, ಕೀಯನ್ನು ಇಲ್ಲೂ ಶುಚಿ ಮಾಡಿ. ಆಮೇಲೆ ಮುಖಪುಟಕ್ಕೆ 30 ಸೆಕೆಂಡ್, ಹಳೇ ಸುದ್ದಿಗೆ ಒಂದು ಗಂಟೆ ಇಟ್ಟು ಶುರುಮಾಡಿ.

ಪ್ರಶ್ನೆ: ಲಾಗಿನ್ ಆದ ಒಬ್ಬರ ಹೆಸರು ಇನ್ನೊಬ್ಬರ ಪುಟದಲ್ಲಿ ಕಾಣಿಸಿತು. ಕೀಗೆ ಯೂಸರ್ ಐಡಿ ಸೇರಿಸಿದರೆ ಸಾಕಾ?

ಉತ್ತರ: ಹೆಸರು ಬದಲಾಗುವುದು ನಿಲ್ಲಬಹುದು, ಆದರೆ ಬಳಕೆದಾರರಿಗೆ ಒಂದೊಂದು ಪ್ರತಿ ಆಗಿ ಮೆಮೊರಿ ತುಂಬುತ್ತದೆ. ಹೆಸರಿಲ್ಲದ ಪುಟವನ್ನು ಕ್ಯಾಶ್ ಮಾಡಿ, ಹೆಸರನ್ನು ಬ್ರೌಸರ್‌ನಿಂದ ಬೇರೆ ಕರೆ ಮಾಡಿ ತರಿಸಿ. ಆ ಉತ್ತರಕ್ಕೆ ‘ನೋ-ಸ್ಟೋರ್’ (ಎಲ್ಲೂ ಉಳಿಸಬೇಡಿ ಎನ್ನುವ) ಹೆಡರ್ ಹಾಕಿ. ಹಾಗೇ ಫೈಲಿನ ತಲೆಯಲ್ಲಿ ಬಳಕೆದಾರರನ್ನು ಇಡುವ ವೇರಿಯಬಲ್ ಏನಾದರೂ ಇದೆಯಾ ನೋಡಿ. ಅದು ಎಲ್ಲ ರಿಕ್ವೆಸ್ಟ್‌ಗಳಿಗೂ ಒಂದೇ. ಒಬ್ಬರ ಡೇಟಾಬೇಸ್ ಕರೆ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಬಂದು ಅದನ್ನು ಬದಲಿಸಿರುತ್ತಾರೆ. ಕ್ಯಾಶ್ ಪೂರ್ತಿ ಆಫ್ ಮಾಡಿದ ಮೇಲೂ ಹೆಸರು ಅದಲುಬದಲಾದರೆ ಮೊದಲು ಅಲ್ಲೇ ಹುಡುಕಿ.